ಎಂಜಿಬಿಯ ಮುಂದಿನ ಚಕ್ರಗಳ ಅಲೈನ್‌ಮೆಂಟ್: ಮೊದಲು ಸವೆತ ಹುಡುಕಿ, ಆಮೇಲೆ ಪಾನಾ ಹಿಡಿಯಿರಿ

ನೇರ ರಸ್ತೆಯಲ್ಲಿ ಕಾರು ಅತ್ತಿತ್ತ ಅಲೆಯುತ್ತಿದ್ದರೆ, ಮುಂದಿನ ಟೈರಿನ ಒಂದು ಅಂಚು ಬೇಗ ಸವೆಯುತ್ತಿದ್ದರೆ, ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ ಎಲ್ಲರೂ ಮೊದಲು ಹೇಳುವುದು 'ಅಲೈನ್‌ಮೆಂಟ್ ಮಾಡಿಸಿ' ಎಂದೇ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಈ ಸಲಹೆ ಅರ್ಧ ಮಾತ್ರ ಸರಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಿಂದ ಹೊರಬಂದ ಎಂಜಿಬಿಯನ್ನೇ ನೋಡಿ. ಕಂಪನಿಯಿಂದ ಬಂದ ಸ್ಥಿತಿಯಲ್ಲಿ ಇದರ ಮುಂದಿನ ಚಕ್ರಗಳಲ್ಲಿ ತಿರುಗಿಸಿ ಸರಿಪಡಿಸಬಹುದಾದದ್ದು ಒಂದೇ, ಟೋ-ಇನ್, ಅಂದರೆ ಎರಡು ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಎಷ್ಟು ಹತ್ತಿರವಿದೆ ಎಂಬುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಯಾವುದರ ಸುತ್ತ ತಿರುಗುತ್ತದೋ ಆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ), ಕಿಂಗ್‌ಪಿನ್ ಓರೆ (ಅದೇ ಪಿನ್ ಒಳಕ್ಕೆ ವಾಲಿರುವ ಕೋನ), ಈ ಮೂರಕ್ಕೂ ಹೊಂದಾಣಿಕೆಯ ಬೋಲ್ಟೇ ಇಲ್ಲ. ಅವು ಅಳತೆ ತಪ್ಪಿದ್ದರೆ ಯಾವುದೋ ಭಾಗ ಸವೆದಿದೆ, ಬಾಗಿದೆ, ಇಲ್ಲವೇ ಸ್ಪ್ರಿಂಗ್ ಕುಸಿದಿದೆ ಎಂದರ್ಥ. ಹಾಗಾಗಿ ಇಲ್ಲಿ ಹೇಳುವ ಕೆಲಸದ ಮುಕ್ಕಾಲು ಪಾಲು ಅಳೆಯುವುದು ಮತ್ತು ಸವೆತ ಹುಡುಕುವುದು. ಟೈ ರಾಡ್ (ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಸರಳು) ತಿರುಗಿಸುವುದು ಕೊನೆಯ ಅರ್ಧ ಗಂಟೆಯ ಕೆಲಸ.

ಕೈಯಲ್ಲಿರಬೇಕಾದ ಅಂಕಿಗಳು

ಕಾರು ಖಾಲಿ ಇದ್ದಾಗ ಟೋ-ಇನ್ 1.6ರಿಂದ 2.4 ಮಿ.ಮೀ., ಹಳೆಯ ಕೈಪಿಡಿಗಳ ಭಾಷೆಯಲ್ಲಿ ಇಂಚಿನ 16ನೇ ಒಂದು ಭಾಗದಿಂದ 32ನೇ ಮೂರು ಭಾಗ. ಕ್ಯಾಂಬರ್ 1 ಡಿಗ್ರಿ ಪಾಸಿಟಿವ್, ಅಂದರೆ ಚಕ್ರದ ತಲೆ ತುಸು ಹೊರಕ್ಕೆ ವಾಲಿರಬೇಕು. ಕಾಲು ಡಿಗ್ರಿ ನೆಗೆಟಿವ್‌ನಿಂದ ಒಂದೂಕಾಲು ಡಿಗ್ರಿ ಪಾಸಿಟಿವ್‌ವರೆಗೆ ನಡೆಯುತ್ತದೆ. ಕ್ಯಾಸ್ಟರ್ 7 ಡಿಗ್ರಿ, 5ರವರೆಗೆ ಇಳಿದರೂ ಮಿತಿಯೊಳಗೇ. ಕಿಂಗ್‌ಪಿನ್ ಓರೆ 8 ಡಿಗ್ರಿ.

ಪಾಸಿಟಿವ್ ಕ್ಯಾಂಬರ್ ಕಂಡು ಗಾಬರಿಯಾಗಬೇಡಿ. ಈಗಿನ ಕಾರುಗಳನ್ನು ನೋಡಿದ ಕಣ್ಣಿಗೆ ಅದು ತಪ್ಪೆನಿಸುತ್ತದೆ. ಆದರೆ ಈ ಕಾರು ಹುಟ್ಟಿದ್ದು ರೇಡಿಯಲ್‌ಗೆ ಮುಂಚಿನ ಕ್ರಾಸ್-ಪ್ಲೈ ಟೈರುಗಳ ಕಾಲದಲ್ಲಿ. 7 ಡಿಗ್ರಿ ಕ್ಯಾಸ್ಟರ್ ಕೂಡ ಆ ಕಾಲದ್ದೇ. ಎರಡೂ ಪಕ್ಕ ಒಂದೇ ಅಳತೆ ಬರುತ್ತದೆಯೇ ಎಂಬುದು, ಆ ಅಳತೆ ಎಷ್ಟು ಎಂಬುದಕ್ಕಿಂತ ಮುಖ್ಯ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಲೇಬೇಕು.

ನೆಲ, ಗಾಳಿ, ಭಾರ

ನಾಲ್ಕೂ ಚಕ್ರ ನಿಲ್ಲುವ ಜಾಗಗಳ ಮಟ್ಟವನ್ನು ಗಾರೆ ಮೇಸ್ತ್ರಿಗಳು ಬಳಸುವ ನೀರಿನ ಪೈಪಿನಿಂದ ನೋಡಿ. ಮುಂದಿನ ಚಕ್ರಗಳ ನಡುವಿನ ಅಗಲ 1244 ಮಿ.ಮೀ. ಅಂದರೆ ಒಂದು ಪಕ್ಕದ ನೆಲ ಬರೀ 5 ಮಿ.ಮೀ. ತಗ್ಗಿದ್ದರೂ ಕ್ಯಾಂಬರ್ ಓದು ಕಾಲು ಡಿಗ್ರಿಯಷ್ಟು ಸುಳ್ಳು ಹೇಳುತ್ತದೆ. ತಗ್ಗಿದ್ದ ಕಡೆ ಹಳೆಯ ವಿನೈಲ್ ಟೈಲ್ ಅಥವಾ ಪ್ಲೈವುಡ್ ತುಂಡು ಇಟ್ಟು ಸಮ ಮಾಡಿಕೊಳ್ಳಿ. ಚಕ್ರ ಉರುಳಿ ಮುಂದೆ ಹೋಗುವುದಕ್ಕೂ ಸುಮಾರು 1 ಮೀಟರ್ ಸಮತಟ್ಟು ಜಾಗ ಬೇಕು. ಯಾಕೆಂದು ಟೋ ಅಳೆಯುವಾಗ ಗೊತ್ತಾಗುತ್ತದೆ.

ಟೈರುಗಳು ನಾಲ್ಕೂ ಒಂದೇ ಅಳತೆಯವು, ಮುಂದಿನ ಎರಡು ಒಂದೇ ಕಂಪನಿಯವು ಮತ್ತು ಒಂದೇ ಮಟ್ಟಕ್ಕೆ ಸವೆದವು ಆಗಿರಲಿ. ಕೈಪಿಡಿಯ ಪ್ರಕಾರ ರೇಡಿಯಲ್ ಟೈರಿಗೆ ಮುಂದೆ 21, ಹಿಂದೆ 24 ಪಿಎಸ್‌ಐ ಗಾಳಿ. ಇದಕ್ಕಿಂತ ಒಂದೆರಡು ಹೆಚ್ಚು ಹಾಕಿ ಓಡಿಸುವವರಿದ್ದಾರೆ, ತೊಂದರೆಯಿಲ್ಲ. ಆದರೆ ಎಡ ಬಲ ಒಂದೇ ಇರಲಿ. ಡಿಕ್ಕಿಯಲ್ಲಿರುವ ಸಾಮಾನು ತೆಗೆದಿಡಿ, ಸ್ಟೆಪ್ನಿ ಅದರ ಜಾಗದಲ್ಲೇ ಇರಲಿ. ಬಹುಪಾಲು ಒಬ್ಬರೇ ಓಡಿಸುವ ಕಾರಾದರೆ ಕೊನೆಯ ಅಳತೆಯನ್ನು ಡ್ರೈವರ್ ಸೀಟಿನಲ್ಲಿ ಅಷ್ಟೇ ಭಾರದ ಮರಳು ಚೀಲ ಇಟ್ಟು ಇನ್ನೊಮ್ಮೆ ತೆಗೆಯುವುದು ಒಳ್ಳೆಯದು.

ಈಗ ಚಕ್ರದ ನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಮುಂದಿನ ಎರಡರಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಸ್ಪ್ರಿಂಗ್ ಕುಸಿದಿರಬಹುದು, ಇಲ್ಲವೇ ಹಿಂದಿನ ಪಟ್ಟಾ ಸ್ಪ್ರಿಂಗ್ ಒಂದು ಕಡೆ ಸೋತು ಮುಂದಿನ ಮೂಲೆಯನ್ನು ಎತ್ತಿರಬಹುದು. ಸ್ಪ್ರಿಂಗ್ ಬದಲಿಸುವುದಿದ್ದರೆ ಜೋಡಿಯಾಗಿಯೇ ಬದಲಿಸಿ, ಅದೂ ಅಲೈನ್‌ಮೆಂಟಿಗೆ ಮೊದಲೇ.

ಸವೆತ ಹುಡುಕುವುದು

ಎಂಜಿಬಿಯ ಮುಂದಿನ ಸಸ್ಪೆನ್ಷನ್ ಬೇರೆ ಕಾರುಗಳಂತಲ್ಲ. ಮೇಲಿನ ವಿಶ್‌ಬೋನ್ (ಚಕ್ರ ಹಿಡಿಯುವ ತೋಳು) ಅಂತ ಬೇರೆ ಇಲ್ಲ, ಆರ್ಮ್‌ಸ್ಟ್ರಾಂಗ್ ಲಿವರ್ ಡ್ಯಾಂಪರಿನ (ಕುಲುಕಾಟ ತಡೆಯುವ ಭಾಗ) ಎರಡು ತೋಳುಗಳೇ ಆ ಕೆಲಸ ಮಾಡುತ್ತವೆ. ಅವುಗಳ ತುದಿಗೆ ಟ್ರನಿಯನ್ ಎಂಬ ಕೀಲು, ಟ್ರನಿಯನ್‌ಗೆ ಕಿಂಗ್‌ಪಿನ್, ಕಿಂಗ್‌ಪಿನ್ನಿನ ಬುಡದಲ್ಲಿ ಫಲ್ಕ್ರಮ್ ಬೋಲ್ಟ್, ಅದನ್ನು ಹಿಡಿದಿರುವ ಕೆಳಗಿನ ಎರಡು ತೋಳುಗಳ ನಡುವೆ ಸ್ಪ್ರಿಂಗ್ ಕೂರುವ ತಟ್ಟೆ, ಅಂದರೆ ಸ್ಪ್ರಿಂಗ್ ಪ್ಯಾನ್. ಇಷ್ಟೂ ಕೂತಿರುವುದು ಅಡ್ಡ ತೊಲೆಯಂಥ ಒಂದು ಕ್ರಾಸ್‌ಮೆಂಬರ್ ಮೇಲೆ. ಅದು ನಾಲ್ಕು ಉದ್ದ ಬೋಲ್ಟುಗಳಿಂದ, ರಬ್ಬರ್ ಪ್ಯಾಡುಗಳ ಮೂಲಕ ಬಾಡಿಗೆ ಬಿಗಿದಿದೆ.

ಜ್ಯಾಕನ್ನು ಸ್ಪ್ರಿಂಗ್ ಪ್ಯಾನ್ ಅಡಿ ಕೊಟ್ಟು ಚಕ್ರವನ್ನು ನೆಲದಿಂದ ಎರಡು ಬೆರಳು ಎತ್ತಿ. ಕ್ರಾಸ್‌ಮೆಂಬರ್ ಅಡಿಗೆ ಸ್ಟ್ಯಾಂಡ್ ಕೊಡದೆ ಕಾರಿನ ಕೆಳಗೆ ಕೈ ಹಾಕಬೇಡಿ. ಜ್ಯಾಕ್ ಪ್ಯಾನ್ ಅಡಿಯೇ ಇರಬೇಕು ಏಕೆಂದರೆ ಚಕ್ರ ತೂಗುಬಿದ್ದಾಗ ಸ್ಪ್ರಿಂಗಿನ ಒತ್ತಡ ಕೀಲುಗಳನ್ನು ಒಂದೇ ಕಡೆಗೆ ದಬ್ಬಿ ಹಿಡಿದು ಆಟವನ್ನು (ಸವೆತದಿಂದಾದ ಸಡಿಲವನ್ನು) ಮುಚ್ಚಿಡುತ್ತದೆ.

ಈಗ ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಲಡಲಡ ಅಂದರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಆಟ ಮಾಯವಾದರೆ ದೋಷ ವೀಲ್ ಬೇರಿಂಗಿನದು. ಉಳಿದರೆ ಕಿಂಗ್‌ಪಿನ್, ಟ್ರನಿಯನ್ ಅಥವಾ ಡ್ಯಾಂಪರಿನದು. ಯಾವುದೆಂದು ತಿಳಿಯಲು ಇನ್ನೊಂದು ಕೈಯ ಬೆರಳನ್ನು ಒಂದೊಂದೇ ಕೀಲಿನ ಮೇಲಿಡಿ. ಅಲುಗುವ ಕೀಲು ಬೆರಳಿಗೇ ಹೇಳುತ್ತದೆ.

ಡ್ಯಾಂಪರನ್ನು ಜನ ಮರೆಯುತ್ತಾರೆ. ಎಣ್ಣೆ ಸೋರಿದರೆ ಕಾರು ಕುಣಿಯುತ್ತದೆ ಅಂತಷ್ಟೇ ತಿಳಿದಿರುತ್ತಾರೆ. ಆದರೆ ಅದರ ಶಾಫ್ಟ್ ಕೂತಿರುವ ಬೇರಿಂಗ್ ಸವೆದರೆ ಮೇಲಿನ ತೋಳು ಇಡಿಯಾಗಿ ಒಳ ಹೊರ ಜಾರುತ್ತದೆ. ಆಗ ಕ್ಯಾಂಬರ್ ಪ್ರತಿ ಉಬ್ಬಿಗೂ ಬದಲಾಗುತ್ತದೆ, ಬೆಳಿಗ್ಗೆ ಅಳೆದದ್ದು ಸಂಜೆಗೆ ಸಿಗುವುದಿಲ್ಲ. ಎಣ್ಣೆ ತುಂಬಿ ಇದನ್ನು ಸರಿಮಾಡಲು ಆಗದು, ಬೇರಿಂಗ್ ಬದಲಿಸಿ ರೀಕಂಡಿಷನ್ ಮಾಡಿದ ಡ್ಯಾಂಪರ್ ಬೇಕು.

ಕಿಂಗ್‌ಪಿನ್ನಿನ ಕಂಚಿನ ಬುಷ್‌ಗಳು ಸವೆದಿದ್ದರೆ ಹೊಸ ಬುಷ್ ತಳ್ಳಿ ಕೂರಿಸಿದರೆ ಸಾಲದು, ಪಿನ್ನಿನ ಅಳತೆಗೆ ರೀಮ್ ಮಾಡಬೇಕು (ಒಳತೂತನ್ನು ನಯವಾಗಿ ಕೊರೆಯಬೇಕು), ಎರಡೂ ಬುಷ್ ಒಂದೇ ಗೆರೆಯಲ್ಲಿ ಬರುವಂತೆ. ರೀಮರ್ ಇಲ್ಲದಿದ್ದರೆ ಈ ಕೆಲಸವನ್ನು ಮಷೀನ್ ಶಾಪಿಗೆ ಬಿಡಿ. ಮರಳು ಕಾಗದದಿಂದ ಉಜ್ಜಿ ಕೂರಿಸಿದ ಬುಷ್ ಕೆಲವೇ ತಿಂಗಳಲ್ಲಿ ಮೊದಲಿನ ಸ್ಥಿತಿಗೆ ಬರುತ್ತದೆ. ಬುಡದ ಫಲ್ಕ್ರಮ್ ಬೋಲ್ಟಿನ ಸುತ್ತ ಇರುವ ಉಕ್ಕಿನ ಕೊಳವೆ ಗ್ರೀಸಿಲ್ಲದೆ ತಿಂದುಹೋಗುವುದು ಸಾಮಾನ್ಯ. ಒಂದೊಂದು ಪಕ್ಕಕ್ಕೂ 3 ಗ್ರೀಸ್ ನಿಪ್ಪಲ್ ಇವೆ, 5000 ಕಿ.ಮೀ.ಗೊಮ್ಮೆ ಮೂರಕ್ಕೂ ಗ್ರೀಸ್ ಹೋಗಬೇಕು. ಹೊಸ ಗ್ರೀಸ್ ಅಂಚಿನಿಂದ ಹೊರಬರುವವರೆಗೆ ಒತ್ತಿ. ಒಂದು ನಿಪ್ಪಲಿನಲ್ಲಿ ಎಷ್ಟು ಒತ್ತಿದರೂ ಹೋಗುತ್ತಿಲ್ಲವೆಂದರೆ ಆ ದಾರಿ ಕಟ್ಟಿದೆ. ನಿಪ್ಪಲ್ ಬಿಚ್ಚಿ ತೂತು ಶುಚಿ ಮಾಡದೆ ಮುಂದೆ ಹೋಗಬೇಡಿ.

ಇದೇ ಕಾಲದ ಟ್ರಯಂಫ್ ಸ್ಪಿಟ್‌ಫೈರ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ: ನಿಮ್ಮ ಕಾರಿನ ಬುಡದ ಕಂಚಿನ ಟ್ರನಿಯನ್‌ಗೆ ಗ್ರೀಸ್ ಅಲ್ಲ, ಇಪಿ90 ಗೇರ್ ಆಯಿಲ್ ಹಾಕಬೇಕು. ಎಣ್ಣೆ ಕಾಣದ ಟ್ರನಿಯನ್ ಬಿಗಿಯಾಗಿ, ಅದರ ಮೇಲಿನ ಉಕ್ಕಿನ ಲಿಂಕ್ ತಿರುವಿನ ಮಧ್ಯೆ ಮುರಿದರೆ ಚಕ್ರ ಮಲಗಿಬಿಡುತ್ತದೆ. ನಿಮಗಿರುವ ಅನುಕೂಲವೆಂದರೆ ಕೆಳಗಿನ ವಿಶ್‌ಬೋನ್ ಬ್ರಾಕೆಟ್ಟಿಗೂ ಚಾಸಿಗೂ ನಡುವೆ ಶಿಮ್ (ತೆಳು ತಗಡು) ಹಾಕಿ ಕ್ಯಾಂಬರ್ ಬದಲಿಸಬಹುದು. ಎಂಜಿಬಿಯವರಿಗೆ ಆ ಭಾಗ್ಯವಿಲ್ಲ.

ವೀಲ್ ಬೇರಿಂಗಿನ ಆಟ 0.05ರಿಂದ 0.10 ಮಿ.ಮೀ. ಇರಬೇಕು. ಈ ಕಾರಿನಲ್ಲಿ ಅದನ್ನು ನಟ್ ಸಡಿಲಿಸಿ ಹೊಂದಿಸುವುದಿಲ್ಲ. ಎರಡು ಬೇರಿಂಗುಗಳ ನಡುವೆ ಒಂದು ಸ್ಪೇಸರ್, ಅದರ ಜೊತೆ ತೆಳ್ಳಗಿನ ಶಿಮ್‌ಗಳು. ಶಿಮ್ ಸೇರಿಸಿದರೆ ಆಟ ಹೆಚ್ಚು, ತೆಗೆದರೆ ಕಡಿಮೆ. ನಟ್ಟನ್ನು 54 ನ್ಯೂಟನ್ ಮೀಟರಿಗೆ ಬಿಗಿದು, ಸ್ಪ್ಲಿಟ್ ಪಿನ್ನಿನ ಮುಂದಿನ ತೂತು ಸಿಗುವವರೆಗೆ ಇನ್ನೂ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. 95 ದಾಟದಿದ್ದರೆ ಸಾಕು. 'ಬೇರೆ ಕಾರುಗಳಲ್ಲಿ ಇಲ್ಲವಲ್ಲ' ಎಂದು ಸ್ಪೇಸರ್ ಮತ್ತು ಶಿಮ್ ತೆಗೆದೆಸೆದು, ನಟ್ ಅರೆಬಿಗಿ ಮಾಡಿ ಬಿಡುವವರಿದ್ದಾರೆ. ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಬಾಗದಂತೆ ಗಟ್ಟಿಯಾಗಿ ಹಿಡಿಯುವುದು ಆ ಬಿಗಿದ ಸ್ಪೇಸರ್. ಅದಿಲ್ಲದೆ ಆಕ್ಸಲ್ ದಣಿದು ತುಂಡಾಗಬಹುದು.

ಕೆಳತೋಳಿನ ಒಳಬದಿಯ ರಬ್ಬರ್ ಬುಷ್ ಒಡೆದಿದ್ದರೆ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯುತ್ತದೆ, ಕ್ಯಾಸ್ಟರ್ ಕ್ಷಣಕ್ಕೊಂದು ಆಗುತ್ತದೆ. ಇದಕ್ಕೆ ಎಂಜಿಬಿ ಜಿಟಿ ವಿ8 ಮಾದರಿಯ ಒಳಕೊಳವೆ ಇರುವ ಬುಷ್ ಹಾಕಿಸುವುದು ಒಳ್ಳೆಯದು, ಬೆಲೆಯೂ ಹೆಚ್ಚಿಲ್ಲ. ಹಾಕಿದ ಮೇಲೆ ನಟ್‌ಗಳನ್ನು ಕಾರು ತನ್ನ ಕಾಲ ಮೇಲೆ ನಿಂತಾಗಲೇ ಪೂರ್ತಿ ಬಿಗಿಯಿರಿ. ಚಕ್ರ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೊನೆಗೆ 3 ಮತ್ತು 9ರ ಜಾಗದಲ್ಲಿ ಚಕ್ರ ಅಲ್ಲಾಡಿಸಿ. ಇಲ್ಲಿನ ಆಟ ಟೈ ರಾಡ್ ಬಾಲ್ ಜಾಯಿಂಟಿನದು, ರ‍್ಯಾಕಿನ (ಸ್ಟೀರಿಂಗ್ ತಿರುವನ್ನು ಅಡ್ಡ ಚಲನೆಯಾಗಿಸುವ ಹಲ್ಲಿನ ಸರಳು) ಒಳಗಿನದು, ಅಥವಾ ಸ್ಟೀರಿಂಗ್ ಕಾಲಮ್ಮಿನ ಯುನಿವರ್ಸಲ್ ಜಾಯಿಂಟಿನದು. ರ‍್ಯಾಕಿನ ರಬ್ಬರ್ ಗೈಟರ್ (ಮುಚ್ಚಿಗೆ) ಹರಿದು ಎಣ್ಣೆ ಸೋರಿದ್ದರೆ ಅದನ್ನೂ ಈಗಲೇ ಬದಲಿಸಿ. ಆಮೇಲೆ ಬದಲಿಸಲು ಹೋದರೆ ಬಾಲ್ ಜಾಯಿಂಟ್ ಬಿಚ್ಚಬೇಕು, ಅಂದರೆ ಕೂರಿಸಿದ ಟೋ ಮತ್ತೆ ಕೆಡುತ್ತದೆ.

ಹಿಂದಿನ ಆಕ್ಸಲ್ ನೆಟ್ಟಗಿದೆಯೇ?

ಎಡ ಮತ್ತು ಬಲ ಪಕ್ಕದಲ್ಲಿ ಮುಂದಿನ ಹಬ್ ನಡುವಿನಿಂದ ಹಿಂದಿನ ಹಬ್ ನಡುವಿಗೆ ಅಳೆಯಿರಿ. ಸುಮಾರು 2312 ಮಿ.ಮೀ. ಬರಬೇಕು. ಎರಡು ಪಕ್ಕಕ್ಕೂ 5 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಪಟ್ಟಾ ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಸರಿದಿರಬಹುದು, ಇಲ್ಲವೇ ಹಳೆಯ ಅಪಘಾತದಲ್ಲಿ ಕ್ರಾಸ್‌ಮೆಂಬರ್ ಜಾಗ ಬಿಟ್ಟಿರಬಹುದು. ಹಿಂದಿನ ಆಕ್ಸಲ್ ಓರೆಯಿದ್ದರೆ ಮುಂದೆ ಎಷ್ಟು ಚೆನ್ನಾಗಿ ಕೂರಿಸಿದರೂ ಸ್ಟೀರಿಂಗ್ ಚಕ್ರ ವಾಲಿಯೇ ಇರುತ್ತದೆ.

ಕ್ಯಾಂಬರ್, ಕ್ಯಾಸ್ಟರ್ ಅಳೆಯುವುದು

ಮುಂದಿನ ಚಕ್ರಗಳಡಿ ಎರಡೆರಡು ತಗಡಿನ ತುಂಡು, ನಡುವೆ ಗ್ರೀಸ್. ತಿರುಗುವ ತಟ್ಟೆ ಇದೇ. ಇಳಿಸಿದ ಮೇಲೆ ಬಾನೆಟ್ ಮುಂಭಾಗವನ್ನು ನಾಲ್ಕೈದು ಸಲ ಒತ್ತಿ ಬಿಡಿ, ಟೈರು ಸಹಜವಾಗಿ ಕೂರಲಿ.

ಕ್ಯಾಂಬರಿಗೆ ಡಿಜಿಟಲ್ ಕೋನಮಾಪಕ ಇದ್ದರೆ ನೇರ ಪಟ್ಟಿಯೊಂದನ್ನು ರಿಮ್ಮಿನ ಮೇಲಂಚು ಕೆಳಂಚಿಗೆ ತಾಗಿಸಿ ಅದರ ಮೇಲಿಡಿ. ಇಲ್ಲದಿದ್ದರೆ ತೂಗುಗುಂಡು ಸಾಕು: 14 ಇಂಚಿನ ಚಕ್ರದ ರಿಮ್ ಅಂಚಿನಿಂದ ಅಂಚಿಗೆ ಸುಮಾರು 380 ಮಿ.ಮೀ., ಈ ಎತ್ತರದಲ್ಲಿ ಮೇಲೆ ಕೆಳಗಿನ ಅಂತರದ ವ್ಯತ್ಯಾಸ 6.6 ಮಿ.ಮೀ. ಇದ್ದರೆ 1 ಡಿಗ್ರಿ. ತಂತಿ ಚಕ್ರಗಳು ಕೊಂಚ ಡೊಂಕಿರುವುದೇ ಹೆಚ್ಚು. ಹಾಗಾಗಿ ಕಾರನ್ನು ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆದುಕೊಳ್ಳಿ.

ಕ್ಯಾಸ್ಟರನ್ನು ನೇರವಾಗಿ ಅಳೆಯಲಾಗದು, ಲೆಕ್ಕ ಹಾಕಬೇಕು. ಚಕ್ರದ ಮೂತಿ 20 ಡಿಗ್ರಿ ಹೊರಕ್ಕೆ ತಿರುಗಿರುವಾಗ ಕ್ಯಾಂಬರ್ ಓದಿ, ಆಮೇಲೆ 20 ಡಿಗ್ರಿ ಒಳಕ್ಕೆ ತಿರುಗಿಸಿ ಓದಿ. ಮೊದಲನೆಯದರಿಂದ ಎರಡನೆಯದನ್ನು ಕಳೆದು 1.46ರಿಂದ ಗುಣಿಸಿ. ಹೊರಕ್ಕೆ ತಿರುಗಿದಾಗ 3.4 ಪಾಸಿಟಿವ್, ಒಳಕ್ಕೆ ತಿರುಗಿದಾಗ 1.4 ನೆಗೆಟಿವ್ ಬಂದರೆ ವ್ಯತ್ಯಾಸ 4.8, ಕ್ಯಾಸ್ಟರ್ 7 ಡಿಗ್ರಿ. ಅಳೆಯುವಾಗ ಬ್ರೇಕ್ ಹಿಡಿದಿರಲಿ, ಇಲ್ಲದಿದ್ದರೆ ಚಕ್ರ ಉರುಳಿ ಓದು ಕೆಡುತ್ತದೆ.

ಹೀಗೆ ತಿರುಗಿಸಿರುವಾಗಲೇ ಇನ್ನೊಂದನ್ನು ನೋಡಿಬಿಡಿ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಎಡಕ್ಕೆ ತಿರುಗಿಸಿ ಎಡ ಚಕ್ರ 20 ಡಿಗ್ರಿ ಇರುವಾಗ ಬಲ ಚಕ್ರ ಎಷ್ಟಿದೆ ಬರೆದುಕೊಳ್ಳಿ. ಬಲಕ್ಕೆ ತಿರುಗಿಸಿ ಅದೇ ರೀತಿ ಎಡ ಚಕ್ರದ್ದು ಬರೆದುಕೊಳ್ಳಿ. ಎರಡೂ ಸಂಖ್ಯೆ ಒಂದೇ ಆಗದಿದ್ದರೆ ಒಂದು ಸ್ಟೀರಿಂಗ್ ಆರ್ಮ್ ಬಾಗಿದೆ, ಅಥವಾ ಎರಡು ಟೈ ರಾಡ್ ಒಂದೇ ಉದ್ದ ಇಲ್ಲ. ಬಾಗಿದ ಆರ್ಮನ್ನು ಕಾಯಿಸಿ ಬಡಿದು ನೇರ ಮಾಡುವುದು ಜೀವದ ಜೊತೆ ಆಟ. ಬದಲಿಸಿ.

ಟೋ ಕೂರಿಸುವುದು

ಮೊದಲು ರ‍್ಯಾಕನ್ನು ಮಧ್ಯಕ್ಕೆ ತನ್ನಿ. ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಸುತ್ತು ಎಣಿಸಿ. ಹತ್ತಿರ ಹತ್ತಿರ 3 ಸುತ್ತು ಬರುತ್ತದೆ. ಅದರ ಅರ್ಧಕ್ಕೆ ನಿಲ್ಲಿಸಿ ಕಾಲಮ್ಮಿಗೆ ಟೇಪ್ ಸುತ್ತಿ ಗುರುತು ಹಾಕಿ. ಈ ಸ್ಥಿತಿಯಲ್ಲಿ ಎರಡು ಟೈ ರಾಡುಗಳಲ್ಲಿ ಲಾಕ್ ನಟ್ಟಿನ ಹೊರಗೆ ಕಾಣುವ ಮರೆಸುತ್ತುಗಳನ್ನು ಎಣಿಸಿ. ಒಂದೆರಡಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಹಿಂದೆ ಯಾರೋ ಒಂದೇ ಕಡೆಯ ರಾಡ್ ತಿರುಗಿಸಿ, ವಾಲಿದ ಸ್ಟೀರಿಂಗ್ ಚಕ್ರವನ್ನು ಕಿತ್ತು ನೇರ ಮಾಡಿ ಕೂರಿಸಿದ್ದಾರೆ. ಹಾಗೆ ಮಾಡಿದರೆ ಕಾರು ಒಂದು ಕಡೆಗೆ ಚಿಕ್ಕ ವೃತ್ತದಲ್ಲಿ, ಇನ್ನೊಂದು ಕಡೆಗೆ ದೊಡ್ಡ ವೃತ್ತದಲ್ಲಿ ತಿರುಗುತ್ತದೆ. ರಾಡುಗಳನ್ನು ಮೊದಲು ಸಮ ಮಾಡಿ.

ಅಳೆಯಲು ಬರೀ ಟೇಪ್ ಸಾಲದು, ಹಬ್ ಎತ್ತರದಲ್ಲಿ ಚಕ್ರದ ಹಿಂಭಾಗದಿಂದ ಹಿಂಭಾಗಕ್ಕೆ ಎಳೆದರೆ ನಡುವೆ ಎಂಜಿನ್ ಅಡ್ಡ ಬರುತ್ತದೆ. ಒಂದೂವರೆ ಮೀಟರ್ ಉದ್ದದ ಚೌಕ ಪೈಪಿಗೆ ಎರಡು ನೆಟ್ಟಗಿನ ಕಂಬಿ ವೆಲ್ಡ್ ಮಾಡಿಸಿ, ತುದಿಗಳು ಸರಿಯಾಗಿ ಹಬ್ ಎತ್ತರಕ್ಕೆ ಬರಲಿ. ಒಂದು ಕಂಬಿಯ ತುದಿಯಲ್ಲಿ ಒಳಕ್ಕೂ ಹೊರಕ್ಕೂ ಸರಿಯುವ ಬೋಲ್ಟ್ ಇರಲಿ. ಪೈಪು ಕಾರಿನಡಿ ನೆಲಕ್ಕೆ ತಾಗಿ ಹೋಗುತ್ತದೆ, ಏನೂ ಅಡ್ಡ ಬರುವುದಿಲ್ಲ.

ಎರಡೂ ರಿಮ್ಮಿನ ಒಳ ಅಂಚಿನಲ್ಲಿ, ಹಿಂಭಾಗದಲ್ಲಿ ಹಬ್ ಎತ್ತರಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ ಅಳೆಯಿರಿ. ನಂತರ ಕಾರನ್ನು ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಮುಂಭಾಗಕ್ಕೆ ಬರುವವರೆಗೆ. 165 ಅಗಲದ ಟೈರಿಗೆ ಇದು ಒಂದು ಮೀಟರಿಗೆ ತುಸು ಕಡಿಮೆ. ಅಲ್ಲಿ ಮತ್ತೆ ಅಳೆಯಿರಿ. ಅದೇ ಗುರುತನ್ನೇ ಎರಡೂ ಸಲ ಅಳೆದದ್ದರಿಂದ ರಿಮ್ಮಿನ ಡೊಂಕು ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಅಳತೆಯಿಂದ ಮುಂದಿನದನ್ನು ಕಳೆದರೆ ಸಿಗುವುದೇ ಟೋ-ಇನ್. ಗುರುತು ದಾಟಿ ಹೋದರೆ ಹಿಂದಕ್ಕೆ ಎಳೆಯಬೇಡಿ. ಹಿಂದಕ್ಕೆ ಉರುಳಿದಾಗ ಕೀಲುಗಳ ಆಟ ಉಲ್ಟಾ ಕೂರುತ್ತದೆ. ಮೊದಲಿನಿಂದ ಶುರು ಮಾಡಿ.

ಹೊಂದಿಸಲು ಲಾಕ್ ನಟ್ ಸಡಿಲಿಸಿ, ಗೈಟರಿನ ಹೊರ ಕ್ಲಿಪ್ಪನ್ನೂ ಸಡಿಲಿಸಿ. ಇದನ್ನು ಮರೆತರೆ ಗೈಟರ್ ರಾಡಿನ ಜೊತೆ ತಿರುಚಿಕೊಂಡು ಕೆಲವೇ ದಿನದಲ್ಲಿ ಸೀಳುತ್ತದೆ. ಎಂಜಿಬಿಯಲ್ಲಿ ರ‍್ಯಾಕ್ ಆಕ್ಸಲ್ ಗೆರೆಗಿಂತ ಮುಂದಿದೆ, ಆದ್ದರಿಂದ ರಾಡ್ ಗಿಡ್ಡವಾದರೆ ಟೋ-ಇನ್ ಹೆಚ್ಚುತ್ತದೆ, ಉದ್ದವಾದರೆ ಕಡಿಮೆಯಾಗುತ್ತದೆ. ರ‍್ಯಾಕ್ ಹಿಂದಿರುವ ಕಾರುಗಳಲ್ಲಿ ಇದು ತಿರುಗುಮುರುಗು. ಎರಡೂ ರಾಡ್ ಕಾಲು ಸುತ್ತು ತಿರುಗಿಸಿ, ಕಾರನ್ನು ಮುಂದೆ ಉರುಳಿಸಿ, ಮತ್ತೆ ಅಳೆಯಿರಿ. ಆ ಕಾಲು ಸುತ್ತು ಎಷ್ಟು ಮಿ.ಮೀ. ಕೊಟ್ಟಿತೆಂದು ಗೊತ್ತಾದರೆ ಉಳಿದದ್ದು ಲೆಕ್ಕದ ಮಾತು. ರೇಡಿಯಲ್ ಟೈರಿಗೆ 1.6ರ ಹತ್ತಿರ ನಿಲ್ಲಿಸುವುದು ಮೇಲು. ಲಾಕ್ ನಟ್ ಬಿಗಿಯುವಾಗ ರಾಡ್ ತಾನೂ ತಿರುಗುತ್ತದೆ, ಹಾಗಾಗಿ ಇನ್ನೊಂದು ಪಾನಾದಿಂದ ಅದನ್ನು ಹಿಡಿದುಕೊಳ್ಳಿ. ಬಾಲ್ ಜಾಯಿಂಟ್ ಓರೆಯಾಗಿ ಸಿಕ್ಕಿಕೊಂಡಿಲ್ಲ ಎಂಬುದನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿದ ಮೇಲಿನ ಅಳತೆಯೇ ನಿಜವಾದ ಅಳತೆ.

ಕಂಪ್ಯೂಟರ್ ಅಲೈನ್‌ಮೆಂಟ್ ಅಂಗಡಿಗೆ ಹೋಗುವವರಿಗೆ

ಅವರ ಯಂತ್ರದ ಪಟ್ಟಿಯಲ್ಲಿ ಈ ಕಾರು ಇರದಿದ್ದರೆ ಮೇಲಿನ ಅಂಕಿಗಳನ್ನು ಬರೆದ ಚೀಟಿ ಕೊಡಿ. ಯಂತ್ರ ಟೋವನ್ನು ಡಿಗ್ರಿಯಲ್ಲಿ ಕೇಳಿದರೆ ಎರಡೂ ಚಕ್ರ ಸೇರಿ 0 ಡಿಗ್ರಿ 15 ನಿಮಿಷದಿಂದ 22 ನಿಮಿಷ, ಒಂದೊಂದು ಚಕ್ರಕ್ಕೆ ಅದರ ಅರ್ಧ. ಇದು 14 ಇಂಚಿನ ರಿಮ್ ಅಂಚಿನ ಲೆಕ್ಕ. ಪರದೆ ಮೇಲೆ ಕೆಂಪು ಬಣ್ಣದಲ್ಲಿ ಕಂಡ ಕ್ಯಾಂಬರನ್ನು ಹಸಿರು ಮಾಡಿಕೊಡುತ್ತೇನೆಂದು ಯಾರಾದರೂ ಸಲಾಕೆ ಎತ್ತಿಕೊಂಡರೆ ಕಾರನ್ನು ಇಳಿಸಿಕೊಂಡು ಬನ್ನಿ.

ಮೂಲ ಅಳತೆ ಬಿಟ್ಟು ಹೋಗುವುದು

ಅಗಲ ಟೈರ್ ಹಾಕಿದ ಮೇಲೆ ಪಾರ್ಕಿಂಗಿನಲ್ಲಿ ತೋಳು ನೋಯುತ್ತದೆ ಎಂಬ ದೂರಿಗೆ ಕ್ರಾಸ್‌ಮೆಂಬರಿಗೂ ಬಾಡಿಗೂ ನಡುವೆ ಇಡುವ ಬೆಣೆಯಾಕಾರದ ಶಿಮ್‌ಗಳು ಸಿಗುತ್ತವೆ. ಇವು ಕ್ಯಾಸ್ಟರನ್ನು ಒಂದೆರಡು ಡಿಗ್ರಿ ಇಳಿಸುತ್ತವೆ, ಸ್ಟೀರಿಂಗ್ ಹಗುರಾಗುತ್ತದೆ. ಪ್ರತಿಯಾಗಿ ತಾನೇ ನೇರಕ್ಕೆ ಬರುವ ಗುಣ ತುಸು ಕಡಿಮೆಯಾಗುತ್ತದೆ. ಇವನ್ನು ಹಾಕುವ ಮೊದಲು ಕಿಂಗ್‌ಪಿನ್‌ಗೆ ಗ್ರೀಸ್ ಹೋಗುತ್ತಿದೆಯೇ, ಟೈರಿಗೆ ಗಾಳಿ ಸರಿಯಿದೆಯೇ ನೋಡಿ. ಭಾರವೆನಿಸುವ ಸ್ಟೀರಿಂಗಿಗೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಕ್ಯಾಂಬರನ್ನು ನೆಗೆಟಿವ್ ಮಾಡಲು ಉದ್ದದ ಕೆಳತೋಳುಗಳು ಅಥವಾ ಮೇಲಿನ ಟ್ರನಿಯನ್‌ಗೆ ಆಫ್‌ಸೆಟ್ ಬುಷ್‌ಗಳು ಬೇಕು. ಯಾವುದನ್ನು ಹಾಕಿದರೂ ಟೋ ಪೂರ್ತಿ ಬದಲಾಗುತ್ತದೆ, ಮೊದಲಿನಿಂದ ಕೂರಿಸಬೇಕು. ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ತಗ್ಗಿಸಿದವರು ಇನ್ನೊಂದು ಪರೀಕ್ಷೆ ಮಾಡಲಿ: ಸ್ಪ್ರಿಂಗ್ ತೆಗೆದು, ಜ್ಯಾಕಿನಿಂದ ಚಕ್ರವನ್ನು ಸಾಮಾನ್ಯ ಎತ್ತರದಿಂದ 40 ಮಿ.ಮೀ. ಮೇಲಕ್ಕೂ ಕೆಳಕ್ಕೂ ಒಯ್ಯುತ್ತ ಟೋ ಎಷ್ಟು ಬದಲಾಗುತ್ತದೆಂದು ಅಳೆಯಿರಿ. ಟೈ ರಾಡ್ ಮತ್ತು ಕೆಳತೋಳು ಬೇರೆ ಬೇರೆ ಕಮಾನಿನಲ್ಲಿ ಏರಿಳಿದರೆ ಪ್ರತಿ ಗುಂಡಿಗೂ ಚಕ್ರ ತಾನೇ ತಿರುಗುತ್ತದೆ. ನಿಂತಲ್ಲಿ ಟೋ ಎಷ್ಟೇ ಕರಾರುವಾಕ್ಕಾಗಿದ್ದರೂ ಅಂಥ ಕಾರು ರಸ್ತೆಯಲ್ಲಿ ಅಲೆಯುತ್ತದೆ.

ಓಡಿಸಿ ನೋಡುವುದು

ಸಮತಟ್ಟು ರಸ್ತೆಯಲ್ಲಿ ಕಾರು ಒಂದೇ ಕಡೆಗೆ ಎಳೆದರೆ ತಕ್ಷಣ ಟೈ ರಾಡಿಗೆ ಕೈ ಹಾಕಬೇಡಿ. ಮುಂದಿನ ಟೈರುಗಳನ್ನು ಎಡ ಬಲ ಅದಲು ಬದಲು ಮಾಡಿ ಓಡಿಸಿ. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದು. ತಂತಿ ಚಕ್ರದ ಕಾರಿನಲ್ಲಿ ಹೀಗೆ ಬದಲಿಸುವಾಗ ಸ್ಪಿನ್ನರ್ ನಟ್ (ಚಕ್ರ ಹಿಡಿಯುವ ನಡುವಿನ ದೊಡ್ಡ ನಟ್) ಆಯಾ ಪಕ್ಕದ್ದು ಆಯಾ ಪಕ್ಕಕ್ಕೇ ಉಳಿಯಬೇಕು. 100 ಕಿ.ಮೀ. ವೇಗದ ಆಸುಪಾಸಿನಲ್ಲಿ ಮಾತ್ರ ಬರುವ ನಡುಕ ಬಹುತೇಕ ಬ್ಯಾಲೆನ್ಸಿನದು ಅಥವಾ ಸವೆದ ಸ್ಪ್ಲೈನಿನದು (ಹಬ್ಬಿನ ಹಲ್ಲುಗಳದು), ಅಲೈನ್‌ಮೆಂಟಿನದಲ್ಲ.

800 ಕಿ.ಮೀ. ಓಡಿದ ಮೇಲೆ ಟೈರಿನ ಮೇಲ್ಮೈಯನ್ನು ಅಡ್ಡಡ್ಡವಾಗಿ ಅಂಗೈಯಿಂದ ಸವರಿ. ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿ, ಹೊರಗಿನಿಂದ ಒಳಕ್ಕೆ ನುಣುಪಾಗಿದ್ದರೆ ಟೋ-ಇನ್ ಹೆಚ್ಚಾಗಿದೆ. ತದ್ವಿರುದ್ಧವಾಗಿದ್ದರೆ ಕಡಿಮೆಯಾಗಿದೆ. ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ಬದಲಿಸಬೇಡಿ, ಎರಡೂ ರಾಡ್ ಸಮನಾಗಿ. ಒಂದೇ ಟೈರು ಚುಚ್ಚಿ ಇನ್ನೊಂದು ನುಣುಪಾಗಿದ್ದರೆ ಟೋ ಮುಟ್ಟಬೇಡಿ. ಆ ಪಕ್ಕವನ್ನು ಮತ್ತೆ ಜ್ಯಾಕ್ ಮೇಲೆ ಎತ್ತಿ, 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.